ಕಟ್ಟೆಯಿಂದ ಕೋರ್ಟಿಗೆ: ಬಳ್ಳಾರಿ ಸೀಮೆಯಲ್ಲಿ ವಿಚ್ಛೇದನ

ಹಿಂದೂಗಳಿಗೆ ವಿಚ್ಛೇದನದ ಹಕ್ಕು ಬಂದದ್ದು 1955ರಲ್ಲಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ಬಳ್ಳಾರಿಯ ಮಟ್ಟಿಗೆ ಈ ಮಾತು ಎರಡು ಕಾರಣಕ್ಕೆ ಸರಿಯಲ್ಲ. ಇಲ್ಲಿನ ಅನೇಕ ಸಮುದಾಯಗಳಲ್ಲಿ ಗಂಡ ಹೆಂಡಿರು ಬೇರೆಯಾಗಲು ಯಾವ ಶಾಸನಕ್ಕೂ ಕಾದು ಕುಳಿತಿರಲಿಲ್ಲ. ಶಾಸನವೇ ಬೇಕೆನ್ನುವವರಿಗೂ ಅದು ಆರು ವರ್ಷ ಮೊದಲೇ ಮದ್ರಾಸಿನಿಂದ ಬಂದಿತ್ತು.

ಮೊದಲು ರೂಢಿಯ ವಿಚಾರ. ಬೇಸಾಯ, ಕುರಿಗಾರಿಕೆ, ಕೂಲಿಯಿಂದ ಬದುಕುತ್ತಿದ್ದ ಕುಲಗಳಲ್ಲಿ ಸಂಸಾರ ಹೊಂದದಿದ್ದರೆ ವಿಷಯ ಹಿರಿಯರ ಮುಂದೆ ಬರುತ್ತಿತ್ತು. ಗುಡಿಯ ಮುಂದಿನ ಕಟ್ಟೆಯೇ ನ್ಯಾಯಸ್ಥಾನ. ಹಿರಿಯರು ಕೂಡಿಸಲು ನೋಡುತ್ತಿದ್ದರು, ಆಗದಿದ್ದರೆ ಬಿಡಿಸುತ್ತಿದ್ದರು. ಬಿಟ್ಟು ಬಂದ ಹೆಣ್ಣು ಉಡಿಕೆಯಾಗಿ ಮತ್ತೊಬ್ಬನ ಮನೆ ಸೇರಬಹುದಿತ್ತು. ಉಡಿಕೆಗೆ ಮೊದಲ ಮದುವೆಯ ಶಾಸ್ತ್ರ, ಸಂಭ್ರಮಗಳಿಲ್ಲ. ಹೊಸ ಸೀರೆ ಉಡಿಸಿದರೆ ಅದೇ ಮದುವೆ. ಹಿಂದೂ ವಿವಾಹ ಎಂದಿಗೂ ಬಿಡಿಸಲಾಗದ ಬಂಧ ಎಂದು ಗ್ರಂಥಗಳನ್ನು ಓದಿ ವಾದಿಸಿದ ಪಂಡಿತರು ಈ ಜನರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಎನ್ನಬೇಕು.

ಹಾಗೆಂದು ಈ ಪದ್ಧತಿಯನ್ನು ಹೊಗಳಿ ಹಾಡುವ ಅಗತ್ಯವೂ ಇಲ್ಲ. ಕಟ್ಟೆಯ ನ್ಯಾಯದಲ್ಲಿ ಹಣ ಕೈ ಬದಲಾಯಿಸುತ್ತಿದ್ದುದು ಗಂಡಸರ ನಡುವೆ. ಮದುವೆಗೆ ಕೊಟ್ಟ ತೆರವನ್ನು ಮೊದಲ ಗಂಡ ಹಿಂದಕ್ಕೆ ಕೇಳುತ್ತಿದ್ದ. ಹೆಣ್ಣಿನ ತವರಿನವರೋ ಉಡಿಕೆ ಮಾಡಿಕೊಂಡವನೋ ಅದನ್ನು ತೆರಬೇಕಿತ್ತು. ಹೆಣ್ಣಿಗೆ ದೊರೆತದ್ದು ಬಿಡುಗಡೆ, ಅಷ್ಟೆ. ಮೊಲೆಹಾಲು ಬಿಟ್ಟ ಮಕ್ಕಳು ಸಾಮಾನ್ಯವಾಗಿ ತಂದೆಯ ಮನೆಯವು. ಜೀವನಾಂಶ ಎಂಬ ಕಲ್ಪನೆಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ.

ಆ ಕಲ್ಪನೆ ಬಂದದ್ದು ಸರ್ಕಾರದ ಕಡೆಯಿಂದ, ಅದೂ ಕ್ರಿಮಿನಲ್ ಕಾನೂನಿನ ಬಾಗಿಲಿನಿಂದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಮದ್ರಾಸ್ ಆಡಳಿತಕ್ಕೆ ಸೇರಿತು. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 488ನೇ ಕಲಮು, ಹೆಂಡತಿಯನ್ನೂ ಮಕ್ಕಳನ್ನೂ ಸಾಕದವನಿಂದ ತಿಂಗಳಿಗೆ 50 ರೂಪಾಯಿವರೆಗೆ ಕೊಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ನೀಡಿತ್ತು. ಕೊಡದಿದ್ದರೆ ಜೈಲು. ಅಪ್ಪ ಅಮ್ಮನಿಗೆ ಮದುವೆಯಾಗಿದೆಯೇ ಎಂದು ಮಗುವಿನ ವಿಷಯದಲ್ಲಿ ಕಾನೂನು ಕೇಳುತ್ತಿರಲಿಲ್ಲ. ಬಸವಿ ಬಿಡುವ ಪದ್ಧತಿಯಿದ್ದ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ; ಆದರೆ ತಂದೆ ಯಾರೆಂದು ಸಾಬೀತು ಮಾಡುವ ಹೊರೆ ತಾಯಿಯ ಮೇಲೇ ಬೀಳುತ್ತಿತ್ತು.

ಕಟ್ಟೆಯ ನ್ಯಾಯಕ್ಕೂ ಈ ಕಲಮಿಗೂ ಹೊಂದಿಕೆ ಆಗಲಿಲ್ಲ. 488ರ ಪ್ರಕಾರ ಜೀವನಾಂಶ ಹೆಂಡತಿಗೆ ಮಾತ್ರ. ಮದುವೆ ಬಿಡಿಸಿಕೊಂಡವಳು ಹೆಂಡತಿಯಲ್ಲ. ಇಬ್ಬರೂ ಒಪ್ಪಿ ಬೇರೆ ವಾಸವಾಗಿದ್ದರೂ ಕೇಳುವಂತಿರಲಿಲ್ಲ. ಹಿರಿಯರ ಮುಂದೆ ‘ಒಪ್ಪಿದೆ’ ಎಂದವಳು ಸರ್ಕಾರದ 50 ರೂಪಾಯಿಯನ್ನೂ ಕಳೆದುಕೊಂಡಂತೆಯೇ. ಮೇಲಾಗಿ, ಅರ್ಜಿ ಹಾಕಬೇಕಾದದ್ದು ಗಂಡ ಇರುವಲ್ಲಿ, ಇಲ್ಲವೇ ಇಬ್ಬರೂ ಕೊನೆಯದಾಗಿ ಒಟ್ಟಿಗೆ ಬಾಳಿದ ಕಡೆ. ಗಂಡ ಬಳ್ಳಾರಿಯವನಾದರೆ, ಸಿರುಗುಪ್ಪದ ತವರಿಗೆ ಮರಳಿದ ಹೆಣ್ಣು ವಾಯಿದೆಗೊಮ್ಮೆ 50 ಕಿಲೋಮೀಟರಿಗೂ ಹೆಚ್ಚು ದೂರ ಬರಬೇಕು.

ನ್ಯಾಯಾಲಯದ ಮೂಲಕ ವಿಚ್ಛೇದನದ ದಾರಿ ಇಲ್ಲಿ ಮೊದಲು ತೆರೆದದ್ದು ಕ್ರೈಸ್ತರಿಗೆ, 1869ರ ಕಾಯ್ದೆಯಿಂದ. ದಂಡಿನ ಊರಾದ ಬಳ್ಳಾರಿಯಲ್ಲಿ ಅವರ ಸಂಖ್ಯೆ ಕಡಿಮೆಯೇನಿರಲಿಲ್ಲ. ಆದರೆ ಜಿಲ್ಲಾ ನ್ಯಾಯಾಧೀಶರು ಕೊಟ್ಟ ಡಿಕ್ರಿಯನ್ನು ಹೈಕೋರ್ಟು ಖಾಯಂ ಮಾಡಬೇಕಿತ್ತು. ಈ ತೊಡಕು ಹೋದದ್ದು 2001ರಲ್ಲಿ! ಗಂಡನನ್ನು ಬಿಡಲು ಮುಸ್ಲಿಂ ಮಹಿಳೆ ನ್ಯಾಯಾಲಯಕ್ಕೆ ಹೋಗಲು ಸ್ಪಷ್ಟವಾದ ಕಾರಣಗಳ ಪಟ್ಟಿ ಸಿಕ್ಕಿದ್ದು 1939ರ ಕಾಯ್ದೆಯಿಂದ.

ಹಿಂದೂಗಳ ಸರದಿ 1949ರಲ್ಲಿ ಬಂತು. ಮದ್ರಾಸ್ ಶಾಸನಸಭೆ ಆ ವರ್ಷ ಒಂದೇ ಕಾಯ್ದೆಯಲ್ಲಿ ಬಹುಪತ್ನಿತ್ವವನ್ನು ನಿಷೇಧಿಸಿ ವಿಚ್ಛೇದನಕ್ಕೆ ಅವಕಾಶ ಕೊಟ್ಟಿತು. ಆಗಿನ ಕನ್ನಡ ನಾಡಿನ ನಕ್ಷೆಯನ್ನು ಒಮ್ಮೆ ನೆನೆಯಿರಿ. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡದಲ್ಲಿ 1947ರಿಂದಲೇ ವಿಚ್ಛೇದನವಿತ್ತು. ದಕ್ಷಿಣಕ್ಕೆ ಮೊಳಕಾಲ್ಮೂರು ಮೈಸೂರಿಗೆ ಸೇರಿದ್ದು. 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗೆ ಕಾಯ್ದೆ ಮಾಡಿ ಹೆಸರಾದ ಮೈಸೂರು ಆಸ್ತಿ, ಜೀವನಾಂಶಗಳ ವಿಷಯದಲ್ಲಿ ಮುಂದಿತ್ತು. ವಿಚ್ಛೇದನವನ್ನು ಮಾತ್ರ ಕೊಟ್ಟಿರಲಿಲ್ಲ. ಸಿರುಗುಪ್ಪದಿಂದ ತುಂಗಭದ್ರೆ ದಾಟಿದರೆ ಸಿಂಧನೂರು, ಅದು ಹೈದರಾಬಾದ್ ರಾಜ್ಯ. ಮದ್ರಾಸಿನ ಕಾಯ್ದೆ ಅಲ್ಲಿ ನಡೆಯದು. ಹೊಳೆಯ ಈ ದಡದ ಹೆಣ್ಣಿಗೆ ಇದ್ದ ಹಕ್ಕು ಆ ದಡಕ್ಕೆ ಕೊಟ್ಟ ಅವಳ ತಂಗಿಗೆ ಇರಲಿಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಗಡಿ ಬದಲಾದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ಹೀಗಾಗಿ 1955ರ ಮೇ 18ರಂದು ಹಿಂದೂ ವಿವಾಹ ಕಾಯ್ದೆ ಜಾರಿಯಾಗಿ ಮದ್ರಾಸಿನ ಶಾಸನವನ್ನು ರದ್ದು ಮಾಡುವವರೆಗೆ, ಒಂದೇ ರಾಜ್ಯದೊಳಗೆ ಬಳ್ಳಾರಿಯವರಿಗೆ ಒಂದು, ಮೈಸೂರಿನವರಿಗೆ ಇನ್ನೊಂದು.

ಮುಂದಿನ ಹೆಜ್ಜೆಗಳು ಎಲ್ಲರಿಗೂ ಸಮಾನ. 1956ರ ಕಾಯ್ದೆ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. ಸಹಜ ಪೋಷಕನ ಸ್ಥಾನವನ್ನು ಮಾತ್ರ ಮೊದಲು ತಂದೆಗೇ ಕೊಟ್ಟಿತು. 1973ರ ಸಂಹಿತೆಯ 125ನೇ ಕಲಮು ವಿಚ್ಛೇದಿತೆಗೂ ಜೀವನಾಂಶ ಒದಗಿಸಿತು, ತಾನಿರುವ ಊರಿನಲ್ಲೇ ಅರ್ಜಿ ಹಾಕಲು ಬಿಟ್ಟಿತು. ನನ್ನ ದೃಷ್ಟಿಯಲ್ಲಿ ಸಿರುಗುಪ್ಪ, ಕುರುಗೋಡಿನ ಹೆಣ್ಣುಮಕ್ಕಳಿಗೆ 1955ಕ್ಕಿಂತ ದೊಡ್ಡ ವರ್ಷ ಇದು. ಜೀವನಾಂಶದ ಗರಿಷ್ಠ ಮಿತಿ 1923ರಲ್ಲಿ 100, 1955ರಲ್ಲಿ 500 ರೂಪಾಯಿ ಆಗಿ ಅಲ್ಲೇ ನಿಂತಿತ್ತು. 2001ರಲ್ಲಿ ಮಿತಿಯನ್ನೇ ತೆಗೆದರು. 2024ರ ಜುಲೈ 1ರಿಂದ ಇದೇ ಕಲಮು ಹೊಸ ಸಂಹಿತೆಯಲ್ಲಿ 144 ಆಗಿದೆ. ಬಳ್ಳಾರಿ ನಗರದಲ್ಲಿ ಈಗ ಕೌಟುಂಬಿಕ ನ್ಯಾಯಾಲಯವೂ ಇದೆ.

ಆದರೂ ಕಟ್ಟೆ ಬರಿದಾಗಿಲ್ಲ. 1955ರ ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆ. ಇದರ ಬಲದ ಮೇಲೆ ಛಾಪಾ ಕಾಗದದಲ್ಲಿ ಬರೆಸಿ, ಹಿರಿಯರ ಸಹಿ ಹಾಕಿಸಿ, ‘ವಿಚ್ಛೇದನ ಆಯಿತು’ ಎನ್ನುವವರು ಇಂದಿಗೂ ಇದ್ದಾರೆ. ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಸ್ಪಷ್ಟಪಡಿಸಿತು: ಇಂಥ ರೂಢಿ ತನ್ನ ಸಮುದಾಯದಲ್ಲಿದೆ ಎನ್ನುವವರು ಅದನ್ನು ಹೇಳಿಕೊಂಡರೆ ಸಾಲದು, ಸಾಬೀತು ಮಾಡಬೇಕು. ಮಾಡಲಾಗದಿದ್ದರೆ ಮೊದಲ ಮದುವೆ ಹಾಗೇ ಉಳಿಯುತ್ತದೆ. ಆಗ ಉಡಿಕೆಯಾದವನು ‘ಇವಳು ನನ್ನ ಹೆಂಡತಿಯೇ ಅಲ್ಲ’ ಎಂದು ಜೀವನಾಂಶದಿಂದ ಜಾರಿಕೊಳ್ಳಬಹುದು. ಹಾಗೆ ಜಾರಿಕೊಂಡವರೂ ಉಂಟು.

2025ರ ಜನವರಿಯಲ್ಲಿ ತೆಲಂಗಾಣದ ಒಂದು ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಮೊದಲ ಗಂಡನಿಂದ ಕರಾರು ಪತ್ರದ ಮೂಲಕ ಬೇರೆಯಾದವಳು ಮತ್ತೆ ಮದುವೆಯಾಗಿದ್ದಳು. ಎರಡನೆಯವನಿಗೆ ಎಲ್ಲವೂ ಗೊತ್ತಿತ್ತು. ಆ ಪತ್ರ ವಿಚ್ಛೇದನವಾಗದಿದ್ದರೂ ಅವನು ಜೀವನಾಂಶ ಕೊಡಬೇಕು ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ.