ಒಂದು ರೇಡಿಯೋ, ಎರಡು ಕಿವಿ



ನಿಮ್ಮ ಟ್ರಾನ್ಸಿಸ್ಟರಿನ ಕಡ್ಡಿ ಎಳೆದರೆ ಎಫ್.ಎಂ. ಸ್ಪಷ್ಟವಾಗುತ್ತದೆ. ಮೀಡಿಯಂ ವೇವ್‌ಗೆ ಹಾಗೆ ಮಾಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಯಾಕೆ ಅಂತ ಯೋಚಿಸಿದ್ದೀರಾ?

ಉತ್ತರ ಅಲೆಯ ಅಳತೆಯಲ್ಲಿದೆ. 100 ಮೆಗಾಹರ್ಟ್ಸ್‌ನ ಎಫ್.ಎಂ. ಅಲೆಯ ಉದ್ದ 3 ಮೀಟರ್. ಧಾರವಾಡ ಆಕಾಶವಾಣಿ ಬರುತ್ತಿದ್ದ 765 ಕಿಲೋಹರ್ಟ್ಸ್‌ನ ಅಲೆ ಸುಮಾರು 392 ಮೀಟರ್. ಅಲೆಯ ಅರ್ಧದಷ್ಟೋ ಕಾಲುಭಾಗದಷ್ಟೋ ಉದ್ದವಿದ್ದರೆ ಆಂಟೆನಾ ಚೆನ್ನಾಗಿ ಹಿಡಿಯುತ್ತದೆ. ಎಫ್.ಎಂ.ಗೆ 75 ಸೆಂಟಿಮೀಟರ್ ಕಡ್ಡಿ ಸಾಕು. ಧಾರವಾಡಕ್ಕೆ ಸುಮಾರು 100 ಮೀಟರ್ ಬೇಕು!

ಈ ತಲೆನೋವು ಹಳೆಯದು. 1930ರ ದಶಕದಲ್ಲಿ ಅಮೆರಿಕದಲ್ಲಿ ‘ಆಲ್ ವೇವ್’ ಸೆಟ್‌ಗಳು ಬಂದವು. ಊರಿನ ಸ್ಟೇಷನ್ ಮೀಡಿಯಂ ವೇವ್‌ನಲ್ಲಿ, ದೂರದ ಲಂಡನ್ ಶಾರ್ಟ್ ವೇವ್‌ನಲ್ಲಿ, ಎರಡೂ ಒಂದೇ ಪೆಟ್ಟಿಗೆಯಲ್ಲಿ. ಹಾಗಾದರೆ ಮಾಳಿಗೆ ಮೇಲೆ ಎಂಥ ತಂತಿ ಕಟ್ಟುವುದು? ಎರಡು ತಂತಿ ಕಟ್ಟಿ ತುದಿಗಳನ್ನು ಸುಮ್ಮನೆ ಸೇರಿಸಿದರೆ ಆಗದು. ಎರಡು ನೀರಿನ ಕೊಳವೆ ಜೋಡಿಸಿದ ಹಾಗೆ, ಒಂದು ಹಿಡಿದದ್ದು ಇನ್ನೊಂದರಿಂದ ಹೊರಗೆ ಹೋಗಬಹುದು. ಕೆಲವು ಕಡೆ ಎರಡರ ಸಂಕೇತಗಳು ಎದುರುಬದುರಾಗಿ ಒಂದನ್ನೊಂದು ಅಳಿಸಿಯೂ ಹಾಕುತ್ತವೆ.

ಆಗ ಆರ್‌ಸಿಎ ಕಂಪನಿ ‘ಡಬಲ್ ಡಬ್ಲೆಟ್’ ಎಂಬ ಆಂಟೆನಾ ಮಾರಿತು. ಉದ್ದದ ಜೋಡಿ ತಂತಿ ಒಂದು, ಗಿಡ್ಡ ಜೋಡಿ ಇನ್ನೊಂದು. ಒಂದು ಸೋತ ಬ್ಯಾಂಡಿನಲ್ಲಿ ಇನ್ನೊಂದು ಕೈಹಿಡಿಯುವಂತೆ ಉದ್ದ ಲೆಕ್ಕಹಾಕಿ ಎರಡಕ್ಕೂ ಒಂದೇ ಇಳಿತಂತಿ ಕೊಟ್ಟರು. ಇನ್ನೊಂದು ಉಪಾಯ ಫಿಲ್ಟರ್: ಪ್ರತಿ ಆಂಟೆನಾದ ದಾರಿಯಲ್ಲೂ ಅದರ ಬ್ಯಾಂಡನ್ನು ಮಾತ್ರ ಬಿಡುವ ಜರಡಿ. 1950ರ ದಶಕದ ಕೊನೆಗೆ ಇಲಿನಾಯ್ ವಿಶ್ವವಿದ್ಯಾಲಯದ ಡುಹ್ಯಾಮೆಲ್ ಮತ್ತು ಇಸ್ಬೆಲ್ ಬೇರೆಯೇ ದಾರಿ ಹಿಡಿದರು. ಅವರ ಲಾಗ್ ಪೀರಿಯಾಡಿಕ್ ಆಂಟೆನಾದಲ್ಲಿ ಕಡ್ಡಿಗಳು ಒಂದೇ ಪ್ರಮಾಣದಲ್ಲಿ ಗಿಡ್ಡವಾಗುತ್ತಾ ಹೋಗುತ್ತವೆ. ಬಂದ ಅಲೆಗೆ ಹೊಂದುವ ನಾಲ್ಕಾರು ಕಡ್ಡಿಗಳಷ್ಟೇ ದುಡಿಯುತ್ತವೆ, ಉಳಿದವು ಸುಮ್ಮನಿರುತ್ತವೆ.

ಕೈಯಲ್ಲಿ ಹಿಡಿಯುವ ಸೆಟ್ಟಿಗೆ ಇದ್ಯಾವುದೂ ಒಗ್ಗದು. ಅಲ್ಲಿ ನೆರವಾದದ್ದು ಫೆರೈಟ್. 1940ರ ದಶಕದಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ ಮತ್ತು ಸಂಗಡಿಗರು ಬೆಳೆಸಿದ ಈ ಕಪ್ಪು ವಸ್ತುವಿನ ಗೇಣುದ್ದದ ಸರಳಿಗೆ ತಂತಿ ಸುತ್ತಿದರೆ, ಅದು ಅಲೆಯ ಕಾಂತೀಯ ಭಾಗವನ್ನು ಹಿಡಿಯುತ್ತದೆ. ಮೀಡಿಯಂ ವೇವ್‌ನ ಕಿವಿ ಇದೇ, ಪೆಟ್ಟಿಗೆಯ ಒಳಗೇ ಇದೆ. ಹೊರಗಿನ ಕಡ್ಡಿ ಎಫ್.ಎಂ. ಮತ್ತು ಶಾರ್ಟ್ ವೇವ್‌ಗೆ. ಯಾವ ಕಿವಿ ಎಂಬುದನ್ನು ಬ್ಯಾಂಡ್ ಸ್ವಿಚ್ ತೀರ್ಮಾನಿಸುತ್ತದೆ.

ಫೆರೈಟ್ ಸರಳಿನ ತುದಿ ಸ್ಟೇಷನ್ನಿನ ಕಡೆಗಿದ್ದರೆ ದನಿ ಕುಗ್ಗುತ್ತದೆ, ಅಡ್ಡಲಾದರೆ ಏರುತ್ತದೆ. ರಾತ್ರಿ ಮೀಡಿಯಂ ವೇವ್ ಆಕಾಶದ ಅಯಾನುಗೋಳಕ್ಕೆ ತಾಗಿ ದೂರಕ್ಕೆ ಮರಳುತ್ತದೆ. ಮುಂಬೈ, ಪುಣೆಗಳಲ್ಲಿ ನಮ್ಮ ಹಿರಿಯರು ಊಟ ಮುಗಿಸಿ ಧಾರವಾಡ ಹುಡುಕುತ್ತಾ ಸೆಟ್ಟನ್ನು ಅತ್ತಿತ್ತ ತಿರುಗಿಸುತ್ತಿದ್ದರಲ್ಲ, ಅದು ಬರೀ ಅಭ್ಯಾಸಬಲವಲ್ಲ. ಅವರು ತಿರುಗಿಸುತ್ತಿದ್ದದ್ದು ಆಂಟೆನಾವನ್ನೇ. ಹಳೆಯ ಸೆಟ್ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಸೆಲ್ ತೆಗೆದು ಹಿಂಬದಿ ಬಿಚ್ಚಿ, ಮಕ್ಕಳಿಗೆ ಆ ಕಪ್ಪು ಸರಳು ತೋರಿಸಿ.