ಓದುವವರು ಯಾರು, ಕೇಳುವವರು ಯಾರು?

ಮಕ್ಕಳು ಗಟ್ಟಿಯಾಗಿ ಓದಬೇಕು, ಗುರುಗಳು ಕೇಳಿ ತಪ್ಪು ತಿದ್ದಬೇಕು. ನಮ್ಮ ಶಾಲೆಗಳಲ್ಲಿ ಇದು ಬಹುಕಾಲದ ರೂಢಿ. ಗುರುಗಳೇ ಓದಿ ಹೇಳುವುದೆಂದರೆ ಹೊತ್ತು ಕಳೆಯುವುದೆಂದು ಭಾವಿಸುವ ಅಧ್ಯಾಪಕರು ಇಂದಿಗೂ ಉಂಟು. ಈ ರೂಢಿ ಎಷ್ಟು ಹಳೆಯದೆಂಬುದನ್ನು ಕೊಂಚ ನೋಡೋಣ.

1822ರಲ್ಲಿ ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ತಮ್ಮ ಜಿಲ್ಲೆಗಳಲ್ಲಿನ ಶಾಲೆಗಳ ಲೆಕ್ಕ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯಂತೆ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, 6,641 ವಿದ್ಯಾರ್ಥಿಗಳಿದ್ದರು. ಆ ಶಾಲೆಗಳಲ್ಲಿ 235 ಕನ್ನಡದವು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಹಿರಿಯ ಹುಡುಗರು ಕಿರಿಯರಿಗೆ ಪಾಠ ಹೇಳಿಕೊಡುತ್ತಿದ್ದರು. ಈ ಏರ್ಪಾಡನ್ನು ಮೆಚ್ಚಿದ ಕ್ಯಾಂಪ್‌ಬೆಲ್ ಒಂದು ದೊಡ್ಡ ಕೊರತೆಯನ್ನೂ ಎತ್ತಿ ತೋರಿದರು. ಪಾಠದ ಪುಸ್ತಕಗಳು ಪದ್ಯರೂಪದಲ್ಲಿದ್ದು, ಆಡುಮಾತಿಗಿಂತ ಬೇರೆಯಾದ ಭಾಷೆಯಲ್ಲಿದ್ದವು. ಹುಡುಗರು ರಾಶಿ ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಅರ್ಥ ಬಲ್ಲವರು ಬಹು ವಿರಳ. ಅರ್ಥ ಹೇಳಬಲ್ಲ ಗುರುಗಳೂ ಕೆಲವರೇ.

ಆದರೆ ಶಾಲೆಯ ಹೊರಗೆ ಕನ್ನಡ ನಾಡಿನಲ್ಲಿ ಬೇರೊಂದು ಪದ್ಧತಿಯೂ ಇತ್ತು. ಗುಡಿಯ ಜಗಲಿಯಲ್ಲಿ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ವಾಚಿಸುವರು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವರು. ಅಕ್ಷರ ಬಾರದವರೂ ಕೇಳಿ ಆನಂದಪಡುವರು. ಅಲ್ಲಿ ಪಾಠ ಒಪ್ಪಿಸುವ ಭಯವಿಲ್ಲ. ಶಾಲೆಯಲ್ಲಿ ಬಾಯಿಗೆ ಕೆಲಸ. ಜಗಲಿಯಲ್ಲಿ ಕಿವಿಗೂ ಮನಸ್ಸಿಗೂ ಹಬ್ಬ.

ಜಗಲಿಯ ಈ ಗುಣವನ್ನು ಶಾಲೆಗೆ ತಂದವರಲ್ಲಿ ಪಂಜೆ ಮಂಗೇಶರಾಯರು (1874–1937) ಪ್ರಮುಖರು. ಮಂಗಳೂರಿನಲ್ಲಿ ಕನ್ನಡ ಅಧ್ಯಾಪಕರಾಗಿ, ಮುಂದೆ ಶಾಲೆಗಳ ಇನ್‌ಸ್ಪೆಕ್ಟರರಾಗಿ ದುಡಿದ ಅವರು ಮಕ್ಕಳಿಗೆಂದೇ ಕಥೆ, ಪದ್ಯಗಳನ್ನು ಬರೆದರು. ಆಡುಮಾತಿಗೆ ಹತ್ತಿರವಾದ ಆ ಬರಹ ಗುರುಗಳು ಓದುತ್ತಿದ್ದಂತೆ ಮಗುವಿಗೆ ಅರ್ಥವಾಗುವಂಥದು. ಮಕ್ಕಳ ಈ ಮೇಷ್ಟರನ್ನು 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಕನ್ನಡಿಗರು ಗೌರವಿಸಿದರು.

ಓದಿ ಹೇಳುವುದು ಬರಿಯ ವಿನೋದವಲ್ಲವೆಂದು ಶಿಕ್ಷಣತಜ್ಞರೂ ಮುಂದೆ ಸಾರಿದರು. ಮಕ್ಕಳ ಓದನ್ನು ಕುರಿತು 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಯೋಗದ ವರದಿ, ಓದು ಕೈಗೂಡಲು ಬೇಕಾದ ತಿಳುವಳಿಕೆ ಬೆಳೆಸುವಲ್ಲಿ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದಕ್ಕೇ ಮೊದಲ ಸ್ಥಾನ ಕೊಟ್ಟಿತು. ಮೇಲಿನ ತರಗತಿಗಳಲ್ಲೂ ಅದನ್ನು ಬಿಡಬಾರದೆಂದಿತು.

ಹೊರನಾಡಿನಲ್ಲಿರುವ ನಮಗೆ ಇದು ಇನ್ನೂ ಮುಖ್ಯ. ಊರಿನ ಮಗುವಿಗೆ ಬೀದಿ, ಸಂತೆ, ಬಸ್ಸು ಎಲ್ಲವೂ ಕನ್ನಡ ಕಲಿಸುತ್ತವೆ. ನಮ್ಮ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಮನೆಯಲ್ಲಿ, ಇಲ್ಲವೆ ವಾರಕ್ಕೊಮ್ಮೆ ಕನ್ನಡ ವರ್ಗದಲ್ಲಿ. ಆ ಒಂದು ಗಂಟೆಯನ್ನೂ ಕಾಗುಣಿತ ಒಪ್ಪಿಸುವುದರಲ್ಲೇ ಕಳೆದರೆ ಅಕ್ಷರ ಬಂದೀತು, ಭಾಷೆ ಬಾರದು. ವರ್ಗ ನಡೆಸುವ ಬಂಧು ಭಗಿನಿಯರು ಹತ್ತು ನಿಮಿಷ ಒಂದು ಕಥೆಯನ್ನು ಓದಿ ಹೇಳಲಿ, ಕೊನೆಯಲ್ಲಿ ಪ್ರಶ್ನೆ ಕೇಳದಿರಲಿ. ಮನೆಯಲ್ಲಿ ನಾವೂ ರಾತ್ರಿಯ ಊಟವಾದ ಮೇಲೆ ಎರಡು ಪುಟ ಓದೋಣ. ಜಗಲಿ ನಮ್ಮೊಂದಿಗೆ ಬರಲಿಲ್ಲ, ನಿಜ. ಓದುವ ದನಿಯಾದರೂ ಬರಲಿ.