ಹೊಸಹೊಳಲಿನ ಮಕರವೂ ಕಡಲಿನ ತಿಮಿಂಗಿಲವೂ

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಬ್ಬಿನ ಗದ್ದೆಗಳಿಗೆ ಕಡಲು ದೂರ. ನಡುವೆ ಸಹ್ಯಾದ್ರಿಯೇ ಅಡ್ಡಗೋಡೆಯಾಗಿ ನಿಂತಿದೆ. ಆದರೂ ಅದೇ ತಾಲ್ಲೂಕಿನ ಹೊಸಹೊಳಲಿಗೆ ಹೋಗಿ, 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಪ್ರದಕ್ಷಿಣೆ ಬರುವವನಿಗೆ, ಆನೆ, ಕುದುರೆ, ಬಳ್ಳಿ, ಪುರಾಣಕಥೆ ಎಂದು ಬುಡದಿಂದ ಒಂದರ ಮೇಲೊಂದು ಏರಿಬಂದ ಪಟ್ಟಿಕೆಗಳಾಚೆ, ಹಂಸಗಳ ಸಾಲಿನ ಕೆಳಗೆ, ಜಲಚರವೊಂದರ ಮೆರವಣಿಗೆಯು ಗೋಡೆಯುದ್ದಕ್ಕೂ ಸಾಗಿರುವುದು ಕಾಣುತ್ತದೆ. ಅದೇ ಮಕರ. ಬಳಪದ ಕಲ್ಲಿನಲ್ಲಿ ಉಳಿ ಎಷ್ಟು ನುಣ್ಣಗೆ ಓಡಿದೆಯೆಂದರೆ, ಮೇಲಕ್ಕೆ ಸುರುಳಿಗೊಂಡ ಸೊಂಡಿಲಿನಂಥ ಮೂತಿ, ಮೊಸಳೆಯ ಬಾಯಿ, ಗಿಡ್ಡನೆಯ ಮೃಗಪಾದ, ಎಲೆಬಳ್ಳಿಯಂತೆ ಹರಡಿದ ಬಾಲ, ಇವೆಲ್ಲವೂ ಒಂದೇ ಮೈಯಲ್ಲಿ ಸಹಜವಾಗಿ ಬೆಳೆದವೋ ಎಂಬಂತೆ ಕೂಡಿಕೊಂಡಿವೆ.

ಕಲ್ಲಿಗೆ ಮಕರವಿದ್ದಂತೆ ನುಡಿಗೆ ತಿಮಿಂಗಿಲವುಂಟು. ತಿಮಿಯೆಂದರೆ ಮಹಾಮತ್ಸ್ಯ, ಅದನ್ನು ನುಂಗುವುದು ತಿಮಿಂಗಿಲ, ಅದನ್ನೂ ನುಂಗಬಲ್ಲುದು ತಿಮಿಂಗಿಲಗಿಲ. ಹೀಗೆ ಶಬ್ದವು ತಿಮಿಂಗಿಲವನ್ನು ಮೀನುಗಳ ಕುಲಕ್ಕೇ ಸೇರಿಸಿತು. ಶಿಲ್ಪಿಯಾದರೋ ತನ್ನ ಜಲಚರಕ್ಕೆ ಕಾಲುಗಳನ್ನು ಕೊಟ್ಟನು. ಮಕರವು ತಿಮಿಂಗಿಲದ ಚಿತ್ರವೆಂದು ನಾನು ಹೇಳುತ್ತಿಲ್ಲ. ಆದರೆ ಕಡಲಿನ ಮಹಾಪ್ರಾಣಿಯ ವಿಷಯದಲ್ಲಿ ಶಬ್ದಕ್ಕಿಂತ ಕಲ್ಲೇ ಸತ್ಯಕ್ಕೆ ಹತ್ತಿರ ಬಂದಿತೆಂದು ನನಗೆ ತೋರುತ್ತದೆ.

ತಿಮಿಂಗಿಲವು ಮೀನಲ್ಲ. ಅದಕ್ಕೆ ಕಿವಿರಿಲ್ಲ, ಶ್ವಾಸಕೋಶವುಂಟು. ಉಸಿರಿಗಾಗಿ ನೀರಿನ ಮೇಲಕ್ಕೆ ಬರಲೇಬೇಕು. ಅದರ ನೆತ್ತರು ಬೆಚ್ಚಗಿನದು. ಅದು ಮರಿಯನ್ನು ಹೆತ್ತು ಹಾಲೂಡುತ್ತದೆ. ಮೀನು ಬಾಲವನ್ನು ಎಡಬಲಕ್ಕೆ ಬೀಸಿದರೆ ತಿಮಿಂಗಿಲವು ಮೇಲೆ ಕೆಳಗೆ ಬಡಿಯುತ್ತದೆ. ಅದೇ ಗೋಡೆಯಲ್ಲಿ ಮಕರಗಳ ಕೆಳಗೆ ನೆಗೆಯುತ್ತಿರುವ ಕುದುರೆಗಳನ್ನು ನೋಡಿದರೆ ಇದರ ಮರ್ಮ ತಿಳಿಯುತ್ತದೆ: ಓಡುವ ಚತುಷ್ಪಾದಿಯ ಬೆನ್ನು ಬಾಗುವುದೂ ಮೇಲಕ್ಕೆ ಕೆಳಕ್ಕೇ ಅಲ್ಲವೆ? ನೆಲದ ಮೇಲಿನ ಆ ನಡೆಯನ್ನು ತಿಮಿಂಗಿಲವು ಕಡಲಿಗೂ ಒಯ್ದಿದೆ. ಕಚ್ಛದ ಶಿಲಾಸ್ತರಗಳಲ್ಲಿ ದೊರೆತ ಪ್ರಾಚೀನ ತಿಮಿಂಗಿಲಗಳ ಪಳೆಯುಳಿಕೆಗಳು, ನಾಲ್ಕು ಕೋಟಿ ವರ್ಷಗಳಿಗೂ ಹಿಂದೆ ಕಾಲುಳ್ಳ ತಿಮಿಂಗಿಲಗಳು ನಮ್ಮ ಉಪಖಂಡದ ತೀರದಲ್ಲಿದ್ದುದಕ್ಕೆ ಸಾಕ್ಷಿಯಾಗಿವೆ. ಇಂದು ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ಅತ್ಯಂತ ಸಮೀಪದ ಬಂಧು ನೀರಾನೆ. ಕೊಟ್ಟಿಗೆಯ ಹಸುವೂ ದೂರದ ನೆಂಟನೇ.

ತಿಮಿಂಗಿಲವೆಂಬ ಈ ನೆಂಟನಿಗೆ ಮನುಷ್ಯನು ಮಾಡಿದ್ದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ. 20ನೆಯ ಶತಮಾನದಲ್ಲಿ ಹಡಗುಗಳಿಂದ ಬೇಟೆಯಾಡಿ ಕೊಂದ ತಿಮಿಂಗಿಲಗಳು ಸುಮಾರು 29 ಲಕ್ಷ. ಘಟ್ಟದಾಚೆಯ ಅರಬ್ಬೀ ಸಮುದ್ರದಲ್ಲಿ, ಇತರ ಕಡಲುಗಳ ಗೂನುಬೆನ್ನಿನ ತಿಮಿಂಗಿಲಗಳಂತೆ ಋತುವಿಗೊಮ್ಮೆ ಧ್ರುವದ ಕಡೆಗೆ ವಲಸೆ ಹೋಗದೆ, ಅಲ್ಲಿಯೇ ಉಂಡು ಅಲ್ಲಿಯೇ ಹೆರುವ ಗುಂಪೊಂದುಂಟು. 1960ರ ದಶಕದ ನಡುವೆ ಸೋವಿಯತ್ ಬೇಟೆಯ ಹಡಗುಗಳು ಆ ಗುಂಪಿನ 242 ಜೀವಗಳನ್ನು ಗುಟ್ಟಾಗಿ ಕೊಂದುವು. ಲೆಕ್ಕವು ಲೋಕಕ್ಕೆ ತಿಳಿದುದು 1990ರ ದಶಕದಲ್ಲಿ. ಅವು ಇದೇ ಕಡಲಿನಲ್ಲಿ ಸಂತಾನ ಬೆಳೆಸುತ್ತವೆಂಬುದಕ್ಕೆ ಆಧಾರವು ದೊರೆತದ್ದೂ ಆ ಕೊಂದ ತಾಯಂದಿರ ಬಸಿರನ್ನು ಬಗೆದು ಅಳೆದ ಪಿಂಡಗಳಿಂದಲೇ. 1979ರಲ್ಲಿ ಹಿಂದೂ ಮಹಾಸಾಗರವು ತಿಮಿಂಗಿಲಗಳ ಅಭಯಧಾಮವೆನಿಸಿತು. 1986ರಿಂದ ವಾಣಿಜ್ಯದ ಬೇಟೆಗೆ ಅಂತರರಾಷ್ಟ್ರೀಯ ತಡೆ ಬಂದಿತು. ಆ ಗುಂಪಿನಲ್ಲಿ ಒಮಾನ್ ತೀರದ ಬಳಿ ಉಳಿದಿರುವುವು ನೂರಕ್ಕೂ ಕಡಮೆಯೆಂದು ಅಂದಾಜು; ಹೊಸಹೊಳಲಿನ ಗೋಡೆಯ ಮಕರಗಳಂತೆ ಅವುಗಳನ್ನೂ ಈಗ ಒಂದೊಂದಾಗಿ ಎಣಿಸಬಹುದು.